ಗೋರೆಹಬ್ಬದ ಮುಖಕ್ಕೆ ಒಂದೇ ದೀಪ

ದೀಪಾವಳಿ ಕಳೆಯುತ್ತಲೇ ಗುಮಟಾಪುರದಿಂದ ಹೊರಬರುವ ಫೋಟೊಗಳಲ್ಲಿ ಮೈಗಳು ತುಂಬ ಇರುತ್ತವೆ, ಮುಖಗಳು ಬಹಳ ಕಡಿಮೆ. ತಾಳವಾಡಿ ಬೆಟ್ಟಸೀಮೆಯ ಈ ಕನ್ನಡದ ಹಳ್ಳಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಬಲಿಪಾಡ್ಯಮಿಯ ಮರುದಿನ ಇಲ್ಲಿ ಗೋರೆಹಬ್ಬ. ಊರಿನ ಕೊಟ್ಟಿಗೆಗಳ ಸಗಣಿ ಟ್ರ್ಯಾಕ್ಟರಿನಲ್ಲಿ ಬಂದು ಬೀರೇಶ್ವರನ ಗುಡಿಯ ಬಳಿ ರಾಶಿ ಬೀಳುತ್ತದೆ, ಪೂಜೆಯಾದ ಮೇಲೆ ಗಂಡಸರು ಉಂಡೆ ಕಟ್ಟಿ ಎರಚಾಡುತ್ತಾರೆ. 2021ರಲ್ಲಿ ಎಎಫ್‌ಪಿ ಚಿತ್ರಗಳು ಲೋಕ ಸುತ್ತಿದಾಗ ಸ್ಪೇನಿನ ಟೊಮೆಟೊ ಹಬ್ಬದ ಹೋಲಿಕೆಯೂ ಬೆನ್ನಿಗೆ ಅಂಟಿಕೊಂಡೇ ಹೋಯಿತು. 2025ರಲ್ಲಂತೂ ಅಮೆರಿಕದ ಯೂಟ್ಯೂಬರ್ ಒಬ್ಬ ಹೇಸಿಗೆಯನ್ನೇ ಸರಕು ಮಾಡಿಕೊಂಡ. ಸುದ್ದಿಚಿತ್ರಗಳು ಆ ಮಟ್ಟಕ್ಕೆ ಇಳಿದಿಲ್ಲ, ನಿಜ. ಆದರೂ ಉದ್ದ ಲೆನ್ಸು, ಗಾಳಿಯಲ್ಲಿ ಉಂಡೆ, ತೆರೆದ ಬಾಯಿ ಎಂಬಷ್ಟರಲ್ಲೇ ಅವು ಮುಗಿದುಹೋಗುತ್ತವೆ. ಎರಚಿದವನು ಯಾರು, ಅವನ ಮುಖದಲ್ಲಿರುವುದು ಭಕ್ತಿಯೋ ಹುಡುಗಾಟವೋ, ಯಾವುದೂ ತಿಳಿಯದು.

ಆದ್ದರಿಂದ ಈ ಹಬ್ಬಕ್ಕೆ ಬೇಕಿರುವುದು ಇನ್ನಷ್ಟು ಸುದ್ದಿಚಿತ್ರವಲ್ಲ, ಭಾವಚಿತ್ರ. ಅದಕ್ಕೆ ಈಗ ಹೊಸಬರು ಕಲಿಯುವ ದಾರಿ ಒಂದೇ ಫ್ಲ್ಯಾಶಿನದು. ಕ್ಯಾಮೆರಾದ ನೆತ್ತಿಯಿಂದ ಫ್ಲ್ಯಾಶನ್ನು ಕಳಚಿ, ಸ್ಟ್ಯಾಂಡಿಗೆ ಏರಿಸಿ, ರೇಡಿಯೊ ಟ್ರಿಗರಿನಿಂದ ಹೊತ್ತಿಸುವುದು. ಬಾಲ್ಟಿಮೋರ್ ಸನ್ ಪತ್ರಿಕೆಯ ಛಾಯಾಗ್ರಾಹಕನಾಗಿದ್ದ ಡೇವಿಡ್ ಹಾಬಿ 2006ರಿಂದ ಇದನ್ನೇ ಪಾಠ ಮಾಡಿ, ಸ್ಟುಡಿಯೋ ಇಲ್ಲದವರಿಗೂ ಬೆಳಕು ಕೈಗೆಟಕುವಂತೆ ಮಾಡಿದ. ಕಲಿಕೆಯ ಕ್ರಮವಾಗಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದೀಪ ಒಂದೇ ಇದ್ದಾಗ ಪ್ರತಿಯೊಂದು ನೆರಳಿಗೂ ಕಲಿಯುವವನೇ ಹೊಣೆ. ಎರಡನೆಯ ದೀಪ ಬಂತೆಂದರೆ ಮೊದಲನೆಯದರ ತಪ್ಪನ್ನು ಅದು ಸದ್ದಿಲ್ಲದೆ ಮುಚ್ಚಿಹಾಕುತ್ತದೆ.

ತೊಡಕಿರುವುದು ಪಾಠದ ಜೊತೆ ಬರುವ ಸೂತ್ರದಲ್ಲಿ. ದೀಪ ಪಕ್ಕಕ್ಕೆ 45 ಡಿಗ್ರಿ, ಮೇಲಕ್ಕೂ ಅಷ್ಟೇ. ನೆರಳು ಬಿದ್ದ ಕೆನ್ನೆಯ ಮೇಲೆ ರೆಂಬ್ರಾಂಟನ ಹೆಸರಿನ ಬೆಳಕಿನ ತ್ರಿಕೋನ. ಹಿನ್ನೆಲೆ ಎರಡು ಸ್ಟಾಪ್ ಕತ್ತಲು. ಇದನ್ನು ಬಾಯಿಪಾಠ ಮಾಡಿಕೊಂಡು ಹಬ್ಬಕ್ಕೆ ಬಂದವರ ಚಿತ್ರದಲ್ಲಿ ಗುಮಟಾಪುರವೇ ಮಾಯ. ಮಸಿಯಂಥ ಆಕಾಶ, ಕಂಚಿನ ಬೊಂಬೆಯಂತೆ ಹೊಳೆಯುವ ತೋಳು, ಉರಿಯುವ ಕಣ್ಣು. ಕಾಶಿಯ ಸಾಧುವನ್ನೂ ಇವರು ಹೀಗೇ ತೆಗೆಯುತ್ತಾರೆ, ಜಿಮ್ಮಿನ ಹುಡುಗನನ್ನೂ ಹೀಗೇ. ಸುದ್ದಿಚಿತ್ರ ಮುಖವನ್ನು ಬಿಟ್ಟಿತು, ಇವರು ಊರನ್ನು ಬಿಟ್ಟರು.

ಇದು ಫ್ಲ್ಯಾಶಿನ ದೋಷವಲ್ಲ, ಅರ್ಧ ಕಲಿತದ್ದರ ಫಲ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ದೀಪ ಮುಖದಿಂದ ಒಂದು ಮೀಟರ್, ಗುಡಿಯ ಗೋಡೆ ದೀಪದಿಂದ ನಾಲ್ಕು ಮೀಟರ್ ಆಚೆ ಎಂದರೆ ಗೋಡೆಗೆ ತಲುಪುವುದು ಹದಿನಾರರಲ್ಲಿ ಒಂದು ಪಾಲು. ಆ ಗೋಡೆಯನ್ನು ಫ್ಲ್ಯಾಶ್ ಬೆಳಗಲಾರದು, ಹಗಲೇ ಬೆಳಗಬೇಕು. ಫ್ಲ್ಯಾಶಿನ ಮಿಂಚು ಶಟರಿಗಿಂತ ಎಷ್ಟೋ ಬೇಗ ಮುಗಿಯುವುದರಿಂದ ಶಟರನ್ನು 1/200ರಿಂದ 1/60ಕ್ಕೆ ಇಳಿಸಿದರೆ ಮುಖದ ಮೇಲಿನ ಫ್ಲ್ಯಾಶ್ ಹಾಗೇ ಇರುತ್ತದೆ, ಹಿಂದಿನ ಗುಡಿ, ಜನ, ಮೋಡ ಮೇಲೆದ್ದು ಬರುತ್ತವೆ. ಎಷ್ಟೋ ಕಲಿಯುವವರು 1/200 ಎಂಬುದನ್ನು ಕಟ್ಟಳೆಯೆಂದೇ ನಂಬಿರುತ್ತಾರೆ. ಅದು ಶಟರು ಫ್ಲ್ಯಾಶಿನೊಡನೆ ಹೊಂದಿಕೊಳ್ಳುವ ಸಿಂಕ್ ವೇಗದ ಮೇಲಿನ ಮಿತಿ, ಅಷ್ಟೇ. ಕೆಳಗಿಳಿಯಬೇಡಿ ಎಂದು ಯಾವ ಕ್ಯಾಮೆರಾವೂ ಹೇಳಿಲ್ಲ.

ಇನ್ನು ಸಗಣಿ. ಒಂದೇ ದೀಪದ ವಿದ್ಯೆಗೆ ಇಷ್ಟು ಕಠಿಣವಾದ, ಇಷ್ಟು ಸೊಗಸಾದ ಪರೀಕ್ಷೆ ಬೇರೊಂದು ಸಿಗಲಾರದು. ಹಸಿ ಸಗಣಿ ಮೆತ್ತಿದ ಮುಖ ಚರ್ಮಕ್ಕಿಂತ ಕಪ್ಪು, ಆದರೆ ಒದ್ದೆಯಾದ್ದರಿಂದ ಹೊಳೆಯುತ್ತದೆ. ಫ್ಲ್ಯಾಶನ್ನು ಆಟೊಮ್ಯಾಟಿಕ್ ಟಿಟಿಎಲ್‌ನಲ್ಲಿ ಬಿಟ್ಟರೆ ಅದು ಈ ಕಪ್ಪನ್ನು ಕಂಡು ಬೆಳಕು ಸಾಲದೆಂದು ತಿಳಿದು ಇನ್ನಷ್ಟು ಸುರಿಯುತ್ತದೆ. ಆಗ ಕಣ್ಣಿನ ಬಿಳಿ, ಹಲ್ಲು ಸುಟ್ಟು ಹೋಗಿ, ಸಗಣಿ ಪೇಲವ ಕೆಸರಿನಂತೆ ಕಾಣುತ್ತದೆ. ಇಲ್ಲಿ ಮ್ಯಾನುಯಲ್ಲೇ ಗತಿ. ದೀಪದ ಗಾತ್ರದ್ದು ಇನ್ನೂ ಸೂಕ್ಷ್ಮ ವಿಚಾರ. ಒದ್ದೆ ಮೈಯ ಮೇಲೆ ಕಾಣುವ ಹೊಳಪು ದೀಪದ್ದೇ ಪ್ರತಿಬಿಂಬ. ಬರಿಯ ಫ್ಲ್ಯಾಶ್ ಹೊಡೆದರೆ ಮುಖದ ತುಂಬ ಚೂಪಾದ ಬಿಳಿ ಚುಕ್ಕೆಗಳು ಎದ್ದು, ಮೂಗಿನ ಏಣು, ಕೆನ್ನೆಯ ತಿರುವು ಎಲ್ಲ ಅವುಗಳಡಿ ಮುಚ್ಚಿಹೋಗುತ್ತವೆ. ಅದೇ ದೀಪದ ಮುಂದೆ ಒಂದು ಬಿಳಿ ಪಂಚೆ ಬಿಗಿದು ಹತ್ತಿರ ತಂದರೆ ಹೊಳಪು ಅಗಲವಾಗಿ ಹರಡಿ, ಮೂಳೆಯ ಏರಿಳಿತವನ್ನೇ ಬರೆದು ತೋರಿಸುತ್ತದೆ. ಪಂಚೆ ಬೆಳಕನ್ನು ಸಾಕಷ್ಟು ನುಂಗುತ್ತದೆ, ನಿಜ. ಸುಡುಬಿಸಿಲಲ್ಲಿ ಸಣ್ಣ ಫ್ಲ್ಯಾಶ್ ಸೋತೇ ಸೋಲುತ್ತದೆ. ಮೋಡ ಕವಿದ ಹಿಂಗಾರಿನ ಮಧ್ಯಾಹ್ನವಾದರೆ ಸಾಕಾಗುತ್ತದೆ. ಸಗಣಿ ಒಣಗಿ ಬಿರಿಯತೊಡಗಿದ ಮೇಲೆ ಲೆಕ್ಕ ತಿರುಗುಮುರುಗು: ಹೊಳಪಿಲ್ಲ, ಬಿರುಕಿದೆ, ಆಗ ಪಕ್ಕದಿಂದ ಬರುವ ಬರಿಯ ಫ್ಲ್ಯಾಶೇ ಚೆನ್ನ.

ಕನ್ನಡದಲ್ಲಿ ಮುಖ ತೆಗೆಯುವ ಪರಂಪರೆ ಸಣ್ಣದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಮಕ್ಕಳ ಮುಖಗಳನ್ನು ತೆಗೆದ ಬಗೆಗೆ 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಪ್ರದರ್ಶನದ ಮನ್ನಣೆ ಸಿಕ್ಕಿತು. ಎ.ಎನ್. ಮುಕುಂದ ಅವರ ‘ಮುಖಮುದ್ರೆ’ ಕನ್ನಡ ಲೇಖಕರ ಮುಖಗಳನ್ನೇ ಒಂದು ಪುಸ್ತಕವಾಗಿಸಿತು. ಸತ್ಯನ್ ಅವರ ಚಿತ್ರಗಳಲ್ಲಿ ಬೆಳಕು ಎಂದೂ ತನ್ನ ಕಡೆಗೆ ಬೆರಳು ತೋರಿಸಿಕೊಳ್ಳುವುದಿಲ್ಲ, ಮಗುವಿನ ಸುತ್ತಲ ಬೀದಿಯೂ ಮಗುವಿನಷ್ಟೇ ಮುಖ್ಯ. ಒಂದೇ ಫ್ಲ್ಯಾಶಿನ ಹೊಸ ಪೀಳಿಗೆಗೆ ಕೈಚಳಕ ಅವರಿಗಿಂತ ಹೆಚ್ಚಿರಬಹುದು. ಆದರೆ ಇವರ ಚಿತ್ರ ನೋಡಿದಾಗ ಮೊದಲು ದೀಪ ಕಾಣುತ್ತದೆ, ಮನುಷ್ಯ ಆಮೇಲೆ.

ಹಾಗಿದ್ದರೂ ಸ್ಟ್ಯಾಂಡ್ ಹೊತ್ತು ಬಂದವನಿಗೆ ಉದ್ದ ಲೆನ್ಸಿನವನಿಗಿಲ್ಲದ ಒಂದು ಅನುಕೂಲವಿದೆ: ಅವನು ಕದ್ದು ತೆಗೆಯಲಾರ. ‘ಅಣ್ಣಾ, ಒಂದ್ನಿಮಿಷ ಇಲ್ಲಿ ನಿಂತ್ಕೊಳ್ತೀರಾ?’ ಎಂದು ಕೇಳಲೇಬೇಕು, ಒಲ್ಲೆ ಎಂದರೆ ಸ್ಟ್ಯಾಂಡ್ ಎತ್ತಿಕೊಂಡು ಮುಂದೆ ಹೋಗಬೇಕು. ಎರಚಾಟದ ನಡುವೆ ಅದು ಆಗದ ಮಾತು (ಸ್ಟ್ಯಾಂಡೂ ಉಳಿಯದು, ಫ್ಲ್ಯಾಶೂ). ಆಟಕ್ಕೆ ಇಳಿಯುವ ಮುನ್ನ, ಇಲ್ಲವೆ ಆಟ ಮುಗಿದು ಏದುಸಿರು ಬಿಡುವಾಗ ಕೇಳಿದರೆ ನಿಲ್ಲುವವರಿದ್ದಾರೆ. ಒಪ್ಪಿ ನಿಂತವನ ಮುಖಕ್ಕೂ ಕದ್ದು ಸೆರೆಹಿಡಿದ ಮುಖಕ್ಕೂ ಇರುವ ಅಂತರವನ್ನು ಯಾವ ಸಾಫ್ಟ್‌ಬಾಕ್ಸೂ ತರಲಾರದು.

ಹಬ್ಬದ ಅತಿ ದೊಡ್ಡ ಭಾವಚಿತ್ರ ಇನ್ನೂ ಯಾರ ಕೈಗೂ ಸರಿಯಾಗಿ ಸಿಕ್ಕಿಲ್ಲವೆಂದು ನನ್ನ ಅನಿಸಿಕೆ. ಅದು ಚಾಡಿಕೋರನದು. ಹುಲ್ಲಿನ ಗಡ್ಡಮೀಸೆ ಅಂಟಿಸಿಕೊಂಡು, ಕತ್ತೆಯ ಮೇಲೆ ಕೂತು, ಊರವರ ಬೈಗುಳ ತಿನ್ನುತ್ತ ಬರುವವನು. ಎಲ್ಲರೂ ಅವನನ್ನು ಮೆರವಣಿಗೆಯ ಭಾಗವಾಗಿ ದೂರದಿಂದ ತೆಗೆಯುತ್ತಾರೆ. ವೇಷದ ಹಿಂದಿರುವ ಮನುಷ್ಯ ಬೇಕೆಂದರೆ ದೀಪವನ್ನು 45 ಡಿಗ್ರಿಯ ಎತ್ತರದಿಂದ ಇಳಿಸಬೇಕು. ಮೇಲಿನಿಂದ ಬಂದ ಬೆಳಕು ಹುಬ್ಬಿನ ನೆರಳನ್ನು ಕಣ್ಣಿಗೆ ತುಂಬುತ್ತದೆ, ಹುಲ್ಲನ್ನಷ್ಟೇ ಬೆಳಗುತ್ತದೆ. ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಮೇಲಿದ್ದರೆ ಸಾಕು, ಕಣ್ಣೂ ಸಿಗುತ್ತದೆ, ಹುಲ್ಲಿನ ಎಳೆಯೂ ಬಿಡಿಬಿಡಿಯಾಗುತ್ತದೆ. ಕೊನೆಗೆ ಚಾಡಿಕೋರನ ಪ್ರತಿಕೃತಿಯನ್ನು ಸುಡುವಾಗಲೂ ಫ್ಲ್ಯಾಶ್ ಬಳಸುವ ಹಟವಿದ್ದರೆ, ಅದರ ಮೂತಿಗೆ ಕಿತ್ತಳೆ ಬಣ್ಣದ ಜೆಲ್ ಕಟ್ಟಿಯೇ ಬಳಸಬೇಕು. ಫ್ಲ್ಯಾಶಿನ ಬೆಳಕು ಸುಮಾರು 5500 ಕೆಲ್ವಿನ್, ಬೆಂಕಿಯದು 2000ದ ಆಸುಪಾಸು. ಜೆಲ್ ಇಲ್ಲದೆ ಹೊಡೆದವರ ಚಿತ್ರಗಳಲ್ಲಿ ಜನ ನೀಲಿಗಟ್ಟಿ, ಹಿಂದಿನ ಬೆಂಕಿಗೂ ಅವರಿಗೂ ಸಂಬಂಧವೇ ಇಲ್ಲದಂತೆ ನಿಂತಿರುತ್ತಾರೆ.