ದರಿಯಾ ದೌಲತ್ತಿನ ಪರದೆ ಮತ್ತು ಮುಂಜಾಗ್ರತೆಯ ಸಂರಕ್ಷಣೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಭಿತ್ತಿಯಲ್ಲಿ ಟಿಪ್ಪುವಿನ ಸೇನೆ ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರಿನ ಯುದ್ಧದ ಚಿತ್ರವನ್ನು ಕಂಡು ಬೆರಗಾಗುವವರು, ಆ ವರ್ಣಗಳು 1784ರಲ್ಲಿ ಟಿಪ್ಪು ಸುಲ್ತಾನನು ಈ ಮನೆಯನ್ನು ಕಟ್ಟಿಸಿದ ಕಾಲದವೇ ಎಂದು ಕೇಳಿಕೊಳ್ಳುವುದು ವಿರಳ. 1799ರ ಮುತ್ತಿಗೆಗೆ ಮುನ್ನವೇ ಕೆಟ್ಟಿದ್ದ ಚಿತ್ರಗಳನ್ನು, ಇಲ್ಲಿ ಕೆಲಕಾಲ ವಾಸಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಸರಿಪಡಿಸಿದನು. ಆಮೇಲೆ ಅವು ಮತ್ತೆ ಸುಣ್ಣದಡಿ ಸೇರಿದುವು. ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯ ಮೇರೆಗೆ, ಮೂಲವನ್ನು ಕಂಡು ಬಲ್ಲ ದೇಶೀಯ ಚಿತ್ರಕಾರನೊಬ್ಬನ ಕೈಯಿಂದ 1855ರ ಸುಮಾರಿಗೆ ಪುನಃ ಬರೆಯಲ್ಪಟ್ಟುವೆಂದು ಪ್ರತೀತಿ. ಆದರದಿಂದಲೇ ನಡೆದ ಈ ಜೀರ್ಣೋದ್ಧಾರಗಳು ಕದನದ ಕಥೆಯನ್ನು ಉಳಿಸಿಕೊಟ್ಟುವು. ಮೊದಲ ಕಲೆಗಾರನ ರೇಖೆಯನ್ನು ಎಷ್ಟೋ ಮಟ್ಟಿಗೆ ಕಳೆದುವು. ವಸ್ತು ಕೆಟ್ಟ ಮೇಲೆ ತಿದ್ದುವುದಕ್ಕಿಂತ ಕೆಡುವ ಕಾರಣವನ್ನೇ ತಡೆಯಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವನ್ನು ನಾನು ಕಾಣೆ.

ಆ ತತ್ತ್ವವು ಶಾಸ್ತ್ರವಾಗಿ ರೂಪುಗೊಂಡುದು ಯುದ್ಧಗಳ ಸಂಕಟದಲ್ಲಿ. ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ನೆಲದಡಿಯ ರೈಲುಮಾರ್ಗದಲ್ಲಿ ಅಡಗಿಸಿಟ್ಟ ಬ್ರಿಟಿಷ್ ಮ್ಯೂಸಿಯಮ್ಮಿನ ವಸ್ತುಗಳು ತೇವದಿಂದ ತುಕ್ಕುಹಿಡಿದು, ಉಪ್ಪೊಡೆದು ಹೊರಬಂದುವು. 1920ರಲ್ಲಿ ಅಲ್ಲಿ ಪ್ರಯೋಗಶಾಲೆ ಹುಟ್ಟಲು ಇದೇ ಕಾರಣ. ಎರಡನೆಯ ಯುದ್ಧದಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳು ವೇಲ್ಸಿನ ಮ್ಯಾನೋಡ್ ಗಣಿಯ ಏಕರೂಪದ ಹವೆಯಲ್ಲಿ ಕ್ಷೇಮವಾಗಿದ್ದುವು. ಅದೇ ಗ್ಯಾಲರಿಯ ವಿಜ್ಞಾನಿ ಗ್ಯಾರಿ ಥಾಮ್ಸನ್ 1978ರಲ್ಲಿ ಬೆಳಕು, ಆರ್ದ್ರತೆ, ವಾಯುಮಾಲಿನ್ಯಗಳನ್ನು ಒಂದೇ ಗ್ರಂಥದಲ್ಲಿ ಅಳತೆಗೆ ತಂದನು. ಬಟ್ಟೆ ಮತ್ತು ಜಲವರ್ಣಗಳಿಗೆ 50 ಲಕ್ಸ್ ಬೆಳಕು ಎಂಬ ಮಿತಿ ಅಂದಿನಿಂದ ಪ್ರಸಿದ್ಧ. ಕೆನಡಾದ ಸ್ಟೆಫಾನ್ ಮಿಖಾಲ್ಸ್ಕಿ ಮುಂತಾದವರು 1990ರ ದಶಕದಲ್ಲಿ ರೂಪಿಸಿದ ಚೌಕಟ್ಟಾದರೋ ನೀರು, ಬೆಂಕಿ, ಕೀಟ, ಕಳ್ಳ, ಬೆಳಕುಗಳನ್ನು ಒಂದೇ ಪಂಕ್ತಿಯಲ್ಲಿ ನಿಲ್ಲಿಸಿ, ಪ್ರತಿಯೊಂದನ್ನೂ ಮೊದಲು ದೂರವಿಡು, ಆಗದಿದ್ದರೆ ಅಡ್ಡಗಟ್ಟು, ನುಸುಳಿದರೆ ಪತ್ತೆಹಚ್ಚು ಎಂಬ ಕ್ರಮವನ್ನು ವಿಧಿಸಿತು. ಪಂಡಿತನ ರಸಾಯನಕ್ಕೂ ಕಾವಲುಗಾರನ ಬೀಗಕ್ಕೂ ಜಾಡಮಾಲಿಯ ಕಣ್ಣಿಗೂ ಸಮಾನ ಗೌರವವನ್ನಿತ್ತುದು ಇದರ ದೊಡ್ಡ ಗುಣವೆಂದು ನನ್ನ ಭಾವನೆ.

ಈ ದೃಷ್ಟಿಯಿಂದ ನೋಡಿದರೆ ದರಿಯಾ ದೌಲತ್ತಿನ ಮೊಗಸಾಲೆಗೆ ಇಳಿಬಿಟ್ಟ ಹಸುರು ಪರದೆಗಳು ಕಣ್ಣಿಗೆ ಅಂದಗೆಟ್ಟು ಕಂಡರೂ ಅಡ್ಡಗಟ್ಟುವ ಕಾರ್ಯವನ್ನು ನಿಷ್ಠೆಯಿಂದ ಮಾಡುತ್ತಿವೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇನ್ನೂ ಗಹನವಾದ ಶಿಸ್ತು ಇದೆ. ಅಲ್ಲಿಯ ದೇವರಾದ ಚೆಲುವನಾರಾಯಣನ ವಜ್ರಕಿರೀಟ ವೈರಮುಡಿ ವರ್ಷವಿಡೀ ಮಂಡ್ಯದ ಖಜಾನೆಯಲ್ಲಿದ್ದು, ಉತ್ಸವದ ದಿನ ಪೊಲೀಸರ ರಕ್ಷಣೆಯಲ್ಲಿ ಬಂದು, ರಾತ್ರಿ ದೇವರ ಶಿರವೇರಿ, ಮತ್ತೆ ಪೆಟ್ಟಿಗೆ ಸೇರುವುದು. ಹಗಲ ಬೆಳಕು ಅದಕ್ಕೆ ತಾಗಬಾರದೆಂಬ ನಂಬಿಕೆಯನ್ನು ವಿಜ್ಞಾನವೆಂದು ಹೊಗಳುವುದು ತಪ್ಪು. ಚಿನ್ನಕ್ಕೂ ವಜ್ರಕ್ಕೂ ಬೆಳಕಿನ ಭಯವಿಲ್ಲ. ಆದರೆ ಪೂಜ್ಯವಸ್ತುವನ್ನು ಬಳಕೆಯಿಂದ ತಪ್ಪಿಸದೆಯೇ ಮುಟ್ಟುವ ಕೈಗಳನ್ನೂ ಹೊರಗಿರುವ ಗಳಿಗೆಗಳನ್ನೂ ಮಿತಗೊಳಿಸಿದ ಈ ಏರ್ಪಾಡನ್ನು, ಬಳಕೆಯೆಂದರೆ ಅಪಾಯವೆಂದೇ ಎಣಿಸುವ ವಸ್ತುಸಂಗ್ರಹಾಲಯ ಶಾಸ್ತ್ರ ಗಮನವಿಟ್ಟು ಓದಬೇಕು.

ಆ ಶಾಸ್ತ್ರದ ಮೇಲೆ ನನ್ನ ಆಕ್ಷೇಪವಿರುವುದು ಸಂಖ್ಯೆಗಳ ವಿಷಯದಲ್ಲಿ. ನೂರಕ್ಕೆ 55ರ ಆರ್ದ್ರತೆ ಎಂಬ ಸೂತ್ರವು ಶೀತದೇಶದ, ಮುಚ್ಚಿದ ಕಿಟಕಿಗಳ ಕಟ್ಟಡದ ಕೂಸು. ನಾಗಮಂಗಲದ ಶಿಲ್ಪಿಗಳು ಎರಕಹೊಯ್ದ ಲೋಹವಿಗ್ರಹಕ್ಕೆ ಒಣಹವೆಯೇ ಹಿತ, ಮೇಲುಕೋಟೆಯ ತಾಳೆಗರಿಗೆ ಅತಿಯಾದ ಅದೇ ಒಣಹವೆ ಬಿರುಕಿನ ಮೂಲ. ಇನ್ನು ಕಾವೇರಿಯ ದಡದಲ್ಲಿ ನಾಲ್ಕು ದಿಕ್ಕಿಗೂ ಮೈದೆರೆದ ತೇಗದ ಅರಮನೆಯನ್ನು ಒಂದು ಅಂಕಿಗೆ ಕಟ್ಟುವುದೆಂದರೆ ಅದರ ವಾಸ್ತುವನ್ನೇ ಮುರಿದಂತೆ. ಯುರೋಪೇ 2010ರ ತನ್ನ ಮಾನಕದಲ್ಲಿ, ಮರ ಮೊದಲಾದ ಸಾವಯವ ವಸ್ತುಗಳು ಬಹುಕಾಲ ಒಗ್ಗಿಕೊಂಡಿರುವ ಹವೆಯನ್ನೇ ಅಳತೆಗೋಲೆಂದು ಅಂಗೀಕರಿಸಿದೆ. ಅಂತಾದ ಮೇಲೆ ಇಲ್ಲಿ ಯಂತ್ರಕ್ಕೆ ಮೊದಲು ಬೇಕಾದುದು, ಆಷಾಢದ ತೇವ ಗೋಡೆಯ ಬುಡದಲ್ಲಿ ಎಷ್ಟು ದಿನ ನಿಲ್ಲುವುದು, ಚೈತ್ರದ ಇಳಿಹೊತ್ತಿನ ಬಿಸಿಲು ಪರದೆಯ ಸಂದಿನಿಂದ ಪೊಳ್ಳಿಲೂರಿನ ಯಾವ ಭಾಗವನ್ನು ಮುಟ್ಟುವುದು ಎಂಬುದನ್ನು ವರ್ಷವಿಡೀ ಬರೆದಿಡುವ ಒಂದು ದಿನಚರಿ.