ಮೈಕು, ಮಟ್ಟು ಮತ್ತು ಭಾಗವತರ ಕಂಠ

ಮಂಗಳೂರಿನಲ್ಲಿ ನಾಲ್ಕು ಮಂದಿ ಯಕ್ಷಗಾನ ಪ್ರಿಯರು ಕೂತು ತೆಂಕುತಿಟ್ಟಿನ ಭಾಗವತಿಕೆಯ ಮಾತು ತೆಗೆದರೆ, ಚರ್ಚೆ ಬೇಗನೆ ಬಲಿಪ–ಪಟ್ಲ ಎಂಬ ಎರಡು ಪಕ್ಷಕ್ಕೆ ಬಂದು ನಿಲ್ಲುತ್ತದೆ. ಬಲಿಪ ನಾರಾಯಣ ಭಾಗವತರದ್ದು ಅಪ್ಪಟ ಪರಂಪರೆ, ಪಟ್ಲ ಸತೀಶ್ ಶೆಟ್ಟರದ್ದು ಸುಗಮ ಸಂಗೀತ ಎಂದು ಒಬ್ಬರು. ಹುಡುಗರನ್ನು ಆಟದ ಮುಂದೆ ತಂದು ಕೂರಿಸಿದ್ದೇ ಪಟ್ಲರು ಎಂದು ಇನ್ನೊಬ್ಬರು. ಇಬ್ಬರೂ ಅಳೆಯುವುದು ರಾಗವನ್ನು ಮಾತ್ರ. ಪ್ರಯೋಗವೆಂದರೆ ಹೊಸ ರಾಗ ಎಂದು ತೀರ್ಮಾನಿಸಿಬಿಟ್ಟ ಈ ಅಳತೆಯ ಮೇಲೆಯೇ ನನಗೆ ತಕರಾರಿದೆ.

ಮೊದಲು ಬಲಿಪರನ್ನೇ ನೋಡಿ. ಬಲಿಪ ಶೈಲಿಯನ್ನು ಕಟ್ಟಿದವರು ಅವರ ಅಜ್ಜ, ಅದೇ ಹೆಸರಿನ ಹಿರಿಯ ಬಲಿಪರು. ಅಂದರೆ ನಾವಿಂದು ಪರಂಪರೆ ಎನ್ನುವ ಮಟ್ಟು ಕೂಡ ಒಬ್ಬ ಮನುಷ್ಯನ ಕಂಠದಲ್ಲಿ, ಒಂದು ಕಾಲದಲ್ಲಿ ರೂಪುಗೊಂಡದ್ದು. 2023ರಲ್ಲಿ ತೀರಿಕೊಂಡ ಮೊಮ್ಮಗ ಕಟೀಲು ಮೇಳದಲ್ಲಿ ದಶಕಗಳ ಕಾಲ ಅದನ್ನು ಬೆಳೆಸಿದರು. ದೇವೀಮಹಾತ್ಮೆಯನ್ನು ಐದು ದಿನ ಆಡುವಷ್ಟು ವಿಸ್ತರಿಸಿ ಪ್ರಸಂಗ ಬರೆದರು. ಇದು ಪ್ರಯೋಗವಲ್ಲದೆ ಮತ್ತೇನು? ಆದರೂ ಅವರನ್ನು ಪ್ರಯೋಗಶೀಲರೆಂದು ಯಾರೂ ಕರೆಯಲಿಲ್ಲ. ಪದ್ಯದ ಸಾಹಿತ್ಯ ಅಕ್ಷರ ಅಕ್ಷರವಾಗಿ ಕೇಳುತ್ತಿತ್ತು, ವೇಷ ಕುಣಿಯುವುದಕ್ಕೆ ಜಾಗವಿರುತ್ತಿತ್ತು. ಹೊಸತು ಎಲ್ಲಿದೆಯೆಂದು ಹುಡುಕುವ ಪ್ರಮೇಯವೇ ಬರಲಿಲ್ಲ.

ಬಲಿಪರ ಹಾಡಿನ ಏರುಶ್ರುತಿಗೊಂದು ಲೌಕಿಕ ಕಾರಣವೂ ಇದೆ. ಮೈಕಿಲ್ಲದ ಬಯಲಿನಲ್ಲಿ, ಪಕ್ಕದಲ್ಲೇ ಚೆಂಡೆ ಬಡಿಯುತ್ತಿರುವಾಗ, ಗದ್ದೆಯ ಅಂಚಿನಲ್ಲಿ ಕೂತವನಿಗೂ ಪದ್ಯ ಮುಟ್ಟಬೇಕಿತ್ತು. ತಗ್ಗಿನ ಸ್ವರದಲ್ಲಿ ಆಲಾಪ ಮಾಡಿದರೆ ಕೇಳುವವರು ಯಾರು? ಡೇರೆ ಮೇಳಗಳ ಕಾಲಕ್ಕೆ ಟಿಕೆಟು, ವಿದ್ಯುದ್ದೀಪ, ಮೈಕು ಎಲ್ಲ ಬಂದವು. ಕರ್ನಾಟಕ ಮೇಳದಲ್ಲಿ ದಾಮೋದರ ಮಂಡೆಚ್ಚರು ಹಿಂದೂಸ್ತಾನಿ ರಾಗಗಳ ನಯವನ್ನು ತುಳು ಪ್ರಸಂಗಗಳ ಪದ್ಯಗಳಿಗೆ ತಂದದ್ದು ಈ ವ್ಯವಸ್ಥೆಯ ಒಳಗೆ. ಮಂಡೆಚ್ಚರ ಪ್ರತಿಭೆಯನ್ನು ಇದರಿಂದ ಕಿರಿದು ಮಾಡಿದಂತಾಗದು. ಆದರೆ ಸಣ್ಣ ಸಂಗತಿ, ಪಿಸುಮಾತಿನಂಥ ಶೃಂಗಾರ ಸಭೆಯ ಕೊನೆಯ ಸಾಲಿಗೆ ತಲುಪಿದ್ದು ಮೈಕಿನಿಂದ. ನವ್ಯ ಭಾಗವತಿಕೆಗೆ ಹಿಂದೂಸ್ತಾನಿ ಸಂಗೀತದಷ್ಟೇ ಧ್ವನಿವರ್ಧಕದ ಋಣವೂ ಇದೆ. ಬಡಗಿನಲ್ಲಿ ಸಾಲಿಗ್ರಾಮ ಮೇಳದ ಕಾಳಿಂಗ ನಾವಡರ ಕಂಠ ಮನೆ ಮನೆ ಸೇರಿದ್ದರಲ್ಲಿ ಕ್ಯಾಸೆಟ್ಟಿನ ಪಾಲು ಎಷ್ಟೆಂಬುದು ಆ ಕಾಲದವರಿಗೆ ಗೊತ್ತು.

ಇವೆಲ್ಲಕ್ಕಿಂತ ದೊಡ್ಡ ಪ್ರಯೋಗ ನಡೆದದ್ದು ಲೀಲಾವತಿ ಬೈಪಾಡಿತ್ತಾಯರ ಬದುಕಿನಲ್ಲಿ. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ ಶಾಸ್ತ್ರೀಯ ಸಂಗೀತ ಕಲಿತಿದ್ದ ಅವರಿಗೆ ಭಾಗವತಿಕೆ ಹೇಳಿಕೊಟ್ಟವರು ಪತಿ, ಹಿಮ್ಮೇಳದ ಹರಿನಾರಾಯಣ ಬೈಪಾಡಿತ್ತಾಯರು. ಅರುವ ಮೊದಲಾದ ಮೇಳಗಳಲ್ಲಿ ಪತಿಯ ಚೆಂಡೆ–ಮದ್ದಳೆ, ಪತ್ನಿಯ ಜಾಗಟೆ. ಹವ್ಯಾಸಿ ಕೂಟದಲ್ಲಿ ಒಂದೆರಡು ಪದ್ಯ ಹೇಳುವುದು ಬೇರೆ, ಊರಿಂದ ಊರಿಗೆ ಮೇಳದೊಂದಿಗೆ ತಿರುಗುತ್ತ ರಾತ್ರಿ ನಿದ್ದೆಗೆಟ್ಟು ಆಟ ಮುನ್ನಡೆಸುವುದು ಬೇರೆ. ಭಾಗವತನನ್ನು ಮೊದಲನೆಯ ವೇಷಧಾರಿ ಎನ್ನುತ್ತಾರೆ. ಯಾವ ಪದ್ಯ ಹಿಡಿಯಬೇಕು, ಯಾವುದನ್ನು ಬಿಡಬೇಕು, ಅರ್ಥಧಾರಿಯ ಮಾತು ಉದ್ದವಾದರೆ ಎಲ್ಲಿ ತಡೆಯಬೇಕು, ಎಲ್ಲವೂ ಅವನ ಕೈಯಲ್ಲಿ. ಆ ಯಜಮಾನಿಕೆ ಒಬ್ಬ ಗೃಹಿಣಿಯ ಕೈಗೆ ಬಂತು. ಎದುರು ಕುಣಿಯುತ್ತಿದ್ದ ಗಂಡಸರು ಆಕೆಯ ಜಾಗಟೆಗೆ ಹೆಜ್ಜೆ ಹಾಕಬೇಕಾಯಿತು. ರಾಗ ಬದಲಿಸದೆಯೂ ರಂಗಸ್ಥಳವನ್ನು ಬದಲಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವರದು ತೆಂಕಿನ ಚೌಕಟ್ಟಿನೊಳಗಿನ ಶುದ್ಧ ಹಾಡುಗಾರಿಕೆ, ಅಬ್ಬರ ಕಡಿಮೆ. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ, ತೀರಿಕೊಂಡದ್ದು ಮರುವರ್ಷ. ಮನ್ನಣೆ ಎಷ್ಟು ತಡವಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಪಟ್ಲರ ವಿಷಯಕ್ಕೆ ಬರೋಣ. ಅವರ ಕಂಠಸಿರಿಯ ಬಗ್ಗೆ ಎರಡು ಮಾತಿಲ್ಲ. ಭಾವದ ಪದ್ಯಗಳಲ್ಲಿ ಅವರು ಸಭೆಯನ್ನು ಹಿಡಿದು ಕೂರಿಸುವ ಬಗೆ ದೊಡ್ಡದು. 2015ರಲ್ಲಿ ಫೌಂಡೇಶನ್ ಕಟ್ಟಿ ಅಶಕ್ತ ಕಲಾವಿದರಿಗೆ ನೆರವಾದದ್ದಂತೂ ಹಾಡಿಗೂ ಮಿಗಿಲಾದ ಕೆಲಸ. ಆದರೆ ಅವರ ಹಾದಿಯಲ್ಲಿ ಬಂದ ಅನುಕರಣಕಾರರು ಆಲಾಪವನ್ನಷ್ಟೇ ಎತ್ತಿಕೊಂಡರು. ಯುದ್ಧಕ್ಕೆ ಹೊರಟ ವೇಷ ಪದ್ಯದ ಎತ್ತುಗಡೆಗಾಗಿ ಕಾಯುತ್ತ ನಿಂತಿರುತ್ತದೆ, ಭಾಗವತರು ಕಣ್ಣು ಮುಚ್ಚಿ ಸ್ವರವಿಸ್ತಾರದಲ್ಲಿರುತ್ತಾರೆ. ಸಭೆಯಲ್ಲಿ ಚಪ್ಪಾಳೆ, ಮೊಬೈಲುಗಳಲ್ಲಿ ಚಿತ್ರೀಕರಣ. ಎರಡು ನಿಮಿಷದ ತುಣುಕಿಗೆ ಅದು ಚೆಂದವೇ, ಪ್ರಸಂಗಕ್ಕೆ ಮಾತ್ರ ಹೊರೆ. ಕಾಲಮಿತಿಯ ಆಟಗಳಲ್ಲಂತೂ ಈ ನಿಮಿಷಗಳನ್ನು ಅರ್ಥಗಾರಿಕೆಯಿಂದಲೇ ಕಡಿಯಬೇಕಾಗುತ್ತದೆ. ದ್ವಂದ್ವ ಭಾಗವತಿಕೆಯ ಗಾನವೈಭವಗಳಲ್ಲಿ ಆ ಸಂಕೋಚವೂ ಇಲ್ಲ, ಅಲ್ಲಿ ವೇಷವೇ ಬೇಡ. ಹಾಡನ್ನು ಆಟದಿಂದ ಬಿಡಿಸಿ ತೆಗೆದದ್ದನ್ನು ನಾನು ಪ್ರಯೋಗ ಎನ್ನಲಾರೆ.

ಮಂಗಳೂರಿನ ಸಂಘಟಕರಲ್ಲಿ ಒಂದು ಕೋರಿಕೆ. ಈಗ ಚೆನ್ನಾಗಿ ಹಾಡುವ ಹೆಣ್ಣುಮಕ್ಕಳು ಹಲವರಿದ್ದಾರೆ. ಅವರನ್ನು ಗಾನವೈಭವದ ವೇದಿಕೆಗಷ್ಟೇ ಕರೆದು ಶಾಲು ಹೊದೆಸಿ ಕಳಿಸಬೇಡಿ. ಪೂರ್ಣ ಪ್ರಸಂಗವೊಂದನ್ನು, ನುರಿತ ಮುಮ್ಮೇಳದೊಂದಿಗೆ, ಮೊದಲ ಪದ್ಯದಿಂದ ಮಂಗಳದವರೆಗೆ ಅವರ ಜಾಗಟೆಗೆ ಒಪ್ಪಿಸಿ ನೋಡಿ.