ಕಲ್ಲಿನಲ್ಲೂ ಪಂಕ್ತಿಭೇದ

ರೋಮಿನ ಸಿಪಾಯಿ ಅಂದ ಕೂಡಲೇ ನಮ್ಮ ಕಣ್ಣೆದುರಿಗೆ ಒಂದೇ ಚಿತ್ರ ಬಂದು ನಿಲ್ಲುತ್ತದೆ. ಎದೆಗೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳ ಕವಚ, ಕೈಯಲ್ಲಿ ಆಯತಾಕಾರದ ಗುರಾಣಿ. ಈ ಚಿತ್ರವನ್ನು ನಮಗೆ ಕೊಟ್ಟವರು ಯಾರು? ಚರಿತ್ರೆಯ ಪುಸ್ತಕ, ಸಿನಿಮಾ. ಅವಕ್ಕೆ ಕೊಟ್ಟದ್ದು? ಬಹುಮಟ್ಟಿಗೆ ಒಂದು ಕಂಬ.

ರೋಮ್ ನಗರದಲ್ಲಿ ಕ್ರಿ.ಶ. 113ರಲ್ಲಿ ನಿಲ್ಲಿಸಿದ ಟ್ರಾಜನ್ ಚಕ್ರವರ್ತಿಯ ಕಂಬ ಅದು. ಪೀಠವೂ ಸೇರಿ ಸುಮಾರು 38 ಮೀಟರ್ ಎತ್ತರ. ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೇರುವ ಉಬ್ಬುಶಿಲ್ಪದ ಸಾಲು ಸುಮಾರು 200 ಮೀಟರ್ ಉದ್ದ. ಅದರಲ್ಲಿ 2,500ಕ್ಕೂ ಹೆಚ್ಚು ಆಕೃತಿಗಳಿವೆ. ಇಂದಿನ ರೊಮೇನಿಯಾದ ನೆಲದಲ್ಲಿದ್ದ ಡೇಸಿಯನ್ ಜನರನ್ನು 101ರಿಂದ 106ರ ನಡುವೆ ಎರಡು ಯುದ್ಧಗಳಲ್ಲಿ ತುಳಿದು ಹಾಕಿದ ಕಥೆ ಇದು. ಪಂಡಿತರು ಬಹುಕಾಲ ಇದನ್ನು ಕಲ್ಲಿನ ದಾಖಲೆ ಅಂತಲೇ ಓದಿದರು.

ದಾಖಲೆಯೇ? ನೋಡೋಣ.

ಕಂಬದ ಮೇಲೆ ಲೀಜನ್ ಪಡೆಯವರು, ಅಂದರೆ ರೋಮಿನ ಪೌರತ್ವ ಇದ್ದವರು, ಪಟ್ಟಿಕವಚ ತೊಟ್ಟಿದ್ದಾರೆ. ಪೌರತ್ವ ಇಲ್ಲದ ಸಹಾಯಕ ಪಡೆಯವರು ಸಣ್ಣ ಬಳೆಗಳನ್ನು ಹೆಣೆದ ಅಂಗಿ ತೊಟ್ಟು ಅಂಡಾಕಾರದ ಗುರಾಣಿ ಹಿಡಿದಿದ್ದಾರೆ. ಮರ ಕಡಿಯುವುದು, ಕೋಟೆ ಕಟ್ಟುವುದು ಹೆಚ್ಚಾಗಿ ಪೌರರ ಪಾಲು. ಮುಂದೆ ನಿಂತು ಬಡಿದಾಡುವುದು, ಕಡಿದ ತಲೆಯನ್ನು ತಂದು ಚಕ್ರವರ್ತಿಗೆ ತೋರಿಸುವುದು ಹೆಚ್ಚಾಗಿ ಸಹಾಯಕರ ಪಾಲು. ನೋಡಿದ ಕೂಡಲೇ ಯಾರು ಒಳಗಿನವರು, ಯಾರು ಹೊರಗಿನವರು ಗೊತ್ತಾಗಬೇಕು. ಉಣ್ಣುವ ಸಾಲಿನ ಪಂಕ್ತಿಭೇದ ನಮಗೆ ಗೊತ್ತು. ಇದು ಕಲ್ಲಿನ ಪಂಕ್ತಿಭೇದ.

ಆದರೆ ನೆಲ ಬೇರೆಯೇ ಮಾತಾಡುತ್ತದೆ. 1964ರಲ್ಲಿ ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗಿದ್ದ ಕಬ್ಬಿಣದ ಪಟ್ಟಿಗಳು, ಚರ್ಮದ ಬಾರು, ಕೀಲು, ಕೊಕ್ಕೆಗಳಿಂದ ಆ ಕವಚ ಹೇಗೆ ಕೂಡಿಕೊಳ್ಳುತ್ತಿತ್ತು ಅನ್ನುವುದು ತಿಳಿಯಿತು. ಅಂದರೆ ಪಟ್ಟಿಕವಚ ಸುಳ್ಳಲ್ಲ. ಸುಳ್ಳಾದದ್ದು ಅದನ್ನು ಎಲ್ಲ ಪೌರರಿಗೂ ತೊಡಿಸಿ, ಉಳಿದವರಿಗೆ ತೊಡಿಸದೆ ಎಳೆದ ಗೆರೆ. ಸಹಾಯಕ ಪಡೆಗಳು ಬೀಡುಬಿಟ್ಟಿದ್ದ ಕೋಟೆಗಳಲ್ಲೂ ಈ ಕವಚದ ಚೂರುಗಳು ಸಿಕ್ಕಿವೆ. ಕಂಬದ ಶಿಲ್ಪಿ ಮುಖ ಕಾಣಲೆಂದು ಗುರಾಣಿಯನ್ನು ಕುಗ್ಗಿಸಿದ. ಕಬ್ಬಿಣದ ಬಳೆಯ ಅಂಗಿಯನ್ನು ಮೈಗಂಟಿದ ಬಟ್ಟೆ ಮಾಡಿದ. ಅಂದ ಉಳಿಯಿತು, ಭಾರ ಹೋಯಿತು. ಆ ಭಾರ ಹೊತ್ತವನ ಬೆನ್ನಿಗೆ ಮಾತ್ರ ಅದು ಗೊತ್ತಿತ್ತು.

ಈಗ ಇನ್ನೊಂದು ಕಲ್ಲಿಗೆ ಬರೋಣ. ಅದೇ ರೊಮೇನಿಯಾದ ಆಡಂಕ್ಲಿಸಿಯಲ್ಲಿ, ಅದೇ ಟ್ರಾಜನ್ 109ರಲ್ಲಿ ಒಂದು ವಿಜಯಸ್ಮಾರಕ ಎತ್ತಿಸಿದ. ಅದರ ಸುತ್ತ 54 ಶಿಲ್ಪಫಲಕಗಳಿದ್ದವು, ಬಹುಪಾಲು ಉಳಿದಿವೆ. ಅಲ್ಲಿನ ಲೀಜನ್ ಸಿಪಾಯಿ ಪಟ್ಟಿಕವಚದಲ್ಲಿಲ್ಲ. ಬಳೆಯ ಅಂಗಿ, ಇಲ್ಲವೆ ಮೀನಿನ ಹುರುಪೆಯಂಥ ಬಿಲ್ಲೆಗಳ ಅಂಗಿ. ಬಲಗೈಗೆ ತೋಳುದ್ದಕ್ಕೂ ಕಾಪು, ಕೆಲವರ ಕಾಲಿಗೂ ಕಾಪು. ಯಾಕೆ? ಎದುರಿಗಿದ್ದ ಡೇಸಿಯನ್ನರ ಕೈಯಲ್ಲಿ ಎರಡೂ ಕೈಯಿಂದ ಬೀಸುವ, ಕುಡುಗೋಲಿನಂತೆ ಒಳಕ್ಕೆ ಬಾಗಿದ ಫಾಲ್ಕ್ಸ್ ಇತ್ತು. ತಲೆ, ಕೈ ಕಡಿದು ಹಾಕುವ ಆಯುಧ ಅದು. ಇಂಥ ತೋಳುಕಾಪು 2001ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನ ನೆಲದಿಂದ ಎದ್ದು ಬಂತು. ಒಡ್ಡೊಡ್ಡಾದ ಕಲ್ಲು ಹೇಳಿದ್ದು ನಿಜವಾಗಿತ್ತು.

ಈ ಆಡಂಕ್ಲಿಸಿಯನ್ನು ಕಲಾವಿಮರ್ಶೆ ಬಹುಕಾಲ ಹೇಗೆ ನೋಡಿತು ಗೊತ್ತೆ? ಒರಟು, ಅಳತೆ ತಪ್ಪಿದ್ದು, ಪಳಗದ ಗಡಿಸೀಮೆಯ ಕೈ ಅಂತ ಮೂಗು ಮುರಿಯಿತು. ಈ ಮಾತು ನಮಗೆ ಹೊಸದಲ್ಲ. ದಲಿತರ, ಬಂಡಾಯದವರ ಬರಹಕ್ಕೆ ‘ಕಲಾತ್ಮಕತೆ ಸಾಲದು’ ಅಂದ ದನಿಯೂ ಇದೇ. ರಾಜಧಾನಿಯ ನುಣುಪು ಕಲ್ಲು ತಪ್ಪು ಹೇಳಿದರೂ ಅದು ಕಲೆ. ಏಟು ಬೀಳುವ ಜಾಗದ ಹತ್ತಿರ ಕೆತ್ತಿದ ಕಲ್ಲು ಸರಿ ಹೇಳಿದರೂ ಅದು ಒರಟು!

ಹಾಗಂತ ಆಡಂಕ್ಲಿಸಿಯನ್ನು ನಾವು ತಲೆಮೇಲೆ ಹೊತ್ತು ಮೆರೆಸಬೇಕಿಲ್ಲ. ಅದೂ ಗೆದ್ದವನ ಕಲ್ಲೇ. ಅಲ್ಲೂ ಕೈ ಕಟ್ಟಿಸಿಕೊಂಡು ನಿಂತ ಬಂದಿಗಳಿದ್ದಾರೆ. ಅಲ್ಲಿನ ಶಿಲ್ಪಿ ಫಾಲ್ಕ್ಸನ್ನು ಸರಿಯಾಗಿ ಕೆತ್ತಿದ್ದು ಡೇಸಿಯನ್ನರ ಮೇಲಿನ ಕನಿಕರದಿಂದ ಅಂತ ನಮಗನಿಸುವುದಿಲ್ಲ. ತಮ್ಮ ಕೈ ಕಡಿದ ಆಯುಧವನ್ನು ಮರೆಯುವುದು ಹೇಗೆ? ಆದರೆ ಅದನ್ನು ಬೀಸಿದವನು ಯಾಕೆ ಬೀಸಿದ, ಅವನ ನೆಲ ಯಾರ ಪಾಲಾಯಿತು ಅನ್ನುವುದನ್ನು ಅವನ ಬಾಯಿಂದ ಎರಡು ಕಲ್ಲೂ ಹೇಳಿಸುವುದಿಲ್ಲ. ಕವಚದ ಕೀಲು, ಕೊಕ್ಕೆ ಎಲ್ಲ ಸರಿಹೋದರೂ ಸೋತವನ ಕಥೆ ಬಾಕಿಯೇ ಉಳಿಯುತ್ತದೆ.

ಆದ್ದರಿಂದ ಹಳ್ಳಿಯ ಮೇಷ್ಟರಲ್ಲಿ ನಮ್ಮದೊಂದು ವಿನಂತಿ. ಪಾಠದಲ್ಲಿ ಆ ಸಿಪಾಯಿಯ ಚಿತ್ರ ಬಂದಾಗ ಪುಟ ತಿರುವಿಬಿಡಬೇಡಿ. ಇದನ್ನು ಕೆತ್ತಿಸಿದವನು ಯಾರು, ಕೆತ್ತಿದವನು ಕಣ್ಣಾರೆ ಕಂಡದ್ದೇನು, ಇದರಲ್ಲಿ ಕಾಣದೆ ಹೋದವರು ಯಾರು ಅಂತ ಮಕ್ಕಳನ್ನು ಕೇಳಿ. ರೋಮಿನ ಕಂಬಕ್ಕೆ ಈ ಪ್ರಶ್ನೆ ಹಾಕಲು ಕಲಿತ ಹುಡುಗಿ ತನ್ನೂರಿನ ಕಲ್ಲಿಗೂ ನಾಳೆ ಹಾಕಿಯೇ ಹಾಕುತ್ತಾಳೆ.